ಬೀಗ ಹಾಕಿದ ಮನೆಗಳಿಗೆ ಮಾತ್ರ

"ನೋಡ್ತಾ ಇರಿ! ಇನ್ನೊಂದು ತಿಂಗಳಲ್ಲಿ ಈ ಬಡಾವಣೆಯಲ್ಲಿ ನನ್ನ ಕೋಚಿಂಗ್ ಬಗ್ಗೆ ಗೊತ್ತಿಲ್ಲದ ಒಂದು ನಾಯಿ ಕೂಡ ಇರಬಾರದು!"

ಈ ಘನಘೋರ ಪ್ರತಿಜ್ಞೆಯನ್ನು ಸೈಲೆಂಟ್ ಮೇಡಂ ಮಾಡಿದ್ದು ಅಡುಗೆಮನೆಯಲ್ಲಿ, ಕುಕ್ಕರಿನ ಎದುರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇದ್ದಿದ್ದರೆ ಪ್ರತಿಜ್ಞೆಯೇ ಆಗುತ್ತಿರಲಿಲ್ಲ ಬಿಡಿ! ಕುಕ್ಕರ್ ಒಂದು ಕೂಗು ಕೂಗಿ ಒಪ್ಪಿಗೆ ಸೂಚಿಸಿತು. ಅಷ್ಟಕ್ಕೇ ಮೇಡಂ ಬೆಚ್ಚಿಬಿದ್ದು ಹಿಂದಕ್ಕೆ ಸರಿದರು.

ಸೈಲೆಂಟ್ ಮೇಡಂ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಆಫೀಸಿನವರು ಇಟ್ಟದ್ದು. ದೊಡ್ಡದೊಂದು ಕಂಪನಿಯಲ್ಲಿ ಕೆಲಸಕ್ಕೆ ಅರ್ಜಿ ಹಾಕಿದವರನ್ನು ಸಂದರ್ಶನಕ್ಕೆ ಮುಂಚೆ ಒಂದು ಪುಟ್ಟ ಕೋಣೆಯಲ್ಲಿ ಕೂರಿಸಿ, ಸರದಿ ಬಂದಾಗ ಒಳಗೆ ಕಳಿಸುವುದು ಅವರ ಕೆಲಸವಾಗಿತ್ತು. ಬಂದವರು ಕೂತಲ್ಲೇ ನಡುಗುತ್ತಿದ್ದರು. ಕೆಲವರಿಗೆ ತಮ್ಮ ಹೆಸರೇ ಮರೆತುಹೋಗುತ್ತಿತ್ತು. ಮೇಡಂ ಒಂದು ಲೋಟ ನೀರು ಕೊಟ್ಟು, ಮೆಲ್ಲಗೆ ಎರಡು ಸಣ್ಣ ಪ್ರಶ್ನೆ ಕೇಳುತ್ತಿದ್ದರು. "ಬಸ್ಸಲ್ಲಿ ಸೀಟ್ ಸಿಕ್ತಾ? ತಿಂಡಿ ಆಯ್ತಾ?" ಅಷ್ಟೇ. ಆಮೇಲೆ ಅವರೂ ಸುಮ್ಮನೆ, ಇವರೂ ಸುಮ್ಮನೆ. ಸ್ವಲ್ಪ ಹೊತ್ತಿಗೆ ಎದುರಿನವರ ಗಂಟಲಿನಿಂದ ಮೊದಲ ಮಾತು ತಾನಾಗಿ ಹೊರಬೀಳುತ್ತಿತ್ತು. ಆ ಮೊದಲ ಮಾತು ಕೇಳುವುದೆಂದರೆ ಮೇಡಂಗೆ ಸಂಬಳಕ್ಕಿಂತ ಹೆಚ್ಚು. ಆಮೇಲೆ ಕಂಪನಿಯವರು ಆ ವಿಭಾಗವನ್ನೇ ಮುಚ್ಚಿದರು. ಮೇಡಂ ಬೀಳ್ಕೊಡುಗೆಗೆ ಕೊಟ್ಟ ಒಂದು ಗೋಡೆ ಗಡಿಯಾರದ ಜೊತೆ ಮನೆಗೆ ಬಂದರು. ಬಂದಾಗಿನಿಂದ ಕಿವಿ ಆ ಮೊದಲ ಮಾತಿಗಾಗಿ ಹಸಿದಿತ್ತು.

ಹಾಗಾಗಿ ಮನೆಯ ಮುಂದಿನ ಕೋಣೆ ಕೋಚಿಂಗ್ ಕೋಣೆಯಾಯಿತು. ಒಂದು ಮೇಜು, ಈ ಕಡೆ ಒಂದು ಕುರ್ಚಿ, ಆ ಕಡೆ ಒಂದು ಕುರ್ಚಿ. ಜನರ ಮುಂದೆ ಮಾತು ಸಿಕ್ಕಿಹಾಕಿಕೊಳ್ಳುವವರಿಗೆ ತರಬೇತಿ, ಒಂದು ಸಲಕ್ಕೆ ಒಬ್ಬರಿಗೆ ಮಾತ್ರ. ಎಲ್ಲ ಸಿದ್ಧವಾಗಿತ್ತು. ಬರುವವರು ಬರಬೇಕಿತ್ತು, ಅಷ್ಟೇ! ದಿನಾ ಬೆಳಿಗ್ಗೆ ಮೇಡಂ ಆ ಕಡೆಯ ಕುರ್ಚಿಯನ್ನು ಒರೆಸುತ್ತಿದ್ದರು. ಯಾರೂ ಕೂರದ ಕುರ್ಚಿಯಲ್ಲಿ ಧೂಳಾದರೂ ಕೂರಬಾರದೇ, ಅದನ್ನೂ ಎಬ್ಬಿಸಿ ಕಳಿಸುತ್ತಿದ್ದರು. ಗೇಟಿನ ಹತ್ತಿರ ಹೆಜ್ಜೆ ಸಪ್ಪಳ ನಿಧಾನವಾದರೆ ಒರೆಸುವ ಬಟ್ಟೆ ಹಿಡಿದೇ ಕಿಟಕಿಗೆ ಓಡುತ್ತಿದ್ದರು. ಕಿಟಕಿಯ ಸಂದಿಯಿಂದ ಇಣುಕಿದರೆ ಯಾರೋ ಶೂ ಲೇಸು ಕಟ್ಟಿಕೊಳ್ಳುತ್ತಿರುವುದು ಕಾಣುತ್ತಿತ್ತು. ಲೇಸು ಕಟ್ಟಿ ಮುಗಿಸಿ ಅವರು ಹೊರಟುಹೋದ ಮೇಲೂ ಮೇಡಂ ಅಲ್ಲೇ ನಿಂತಿರುತ್ತಿದ್ದರು.

ಇನ್ನು ಗಂಡನ ಪರಿಚಯ ಮಾಡಿಕೊಡಬೇಕು. ಮಾಡಿಕೊಡದಿದ್ದರೂ ಅವರೇ ಮಾಡಿಕೊಳ್ಳುತ್ತಾರೆ! ಬಡಾವಣೆ ಸಂಘದ ಕಾರ್ಯದರ್ಶಿ. ಸಂಘದ ಮೈಕು ಇರುವುದೇ ಇವರ ಮನೆಯಲ್ಲಿ. ಮೈಕ್ ಕೈಗೆ ಸಿಕ್ಕರೆ ಊಟ ಬೇಡ, ನಿದ್ದೆ ಬೇಡ. ನೀರಿನ ಟ್ಯಾಂಕ್ ತೊಳೆಯುವ ವಿಷಯವನ್ನು ಮುಕ್ಕಾಲು ಗಂಟೆ ಮಾತಾಡಿ, ಕೇಳಿದವರ ಕಣ್ಣಲ್ಲಿ ನೀರು ತರಿಸಿದ ಕೀರ್ತಿ ಇವರದ್ದು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರಲ್ಲ, ಇವರು ಬರಗಾಲಕ್ಕೇ ಭಾಷಣ ಮಾಡಿ ಓಡಿಸುವ ಜಾತಿ.

"ನೀನು ಹೂಂ ಅನ್ನು ಸಾಕು ಕಣೇ, ನಾಳೆನೇ ಮೈಕಲ್ಲಿ ಅನೌನ್ಸ್ ಮಾಡ್ತೀನಿ," ಎಂದರು ಕಾರ್ಯದರ್ಶಿಗಳು.

"ಬೇಡ್ರೀ. ನೀವು ಹೇಳಿದ್ರೆ ಅದು ನಿಮ್ಮ ಕೋಚಿಂಗ್ ಆಗ್ಬಿಡುತ್ತೆ."

"ಹಾಗಾದ್ರೆ ನೀನೇ ಹೇಳು! ಪ್ರಚಾರ ಇಲ್ದೆ ವ್ಯಾಪಾರ ಇಲ್ಲ. ನೋಡು, ಈ ತಿಂಗಳ ಕೊನೆವರೆಗೂ ಕಾಯೋಣ. ಒಬ್ಬರೂ ಬರ್ಲಿಲ್ಲ ಅಂದ್ರೆ ನಮ್ಮಕ್ಕನ ಬೀರು ಈ ರೂಮಲ್ಲಿ ಇಡೋಣ. ಪಾಪ, ಚಿಕ್ಕ ಮನೆಗೆ ಹೋಗ್ತಿದ್ದಾಳೆ, ಇಡೋಕೆ ಜಾಗ ಇಲ್ಲ ಅಂತ ಅಳ್ತಿದ್ದಾಳೆ."

ಮೂರು ಬಾಗಿಲಿನ ಬೀರು! ಅದು ಒಳಗೆ ಬಂದರೆ ಎರಡು ಕುರ್ಚಿಯೂ ಹೊರಗೆ ಹೋಗಬೇಕು. ಮೇಡಂ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕಾರ್ಯದರ್ಶಿಗಳು ಬೀರುವನ್ನು ಮೆಟ್ಟಿಲು ಹತ್ತಿಸುವ ತಾಂತ್ರಿಕ ವಿವರಗಳಿಗೆ ಇಳಿದಿದ್ದರು. ಮೇಡಂ ಬಾಯಿ ಮುಚ್ಚಿಕೊಂಡರು. ಮದುವೆಯಾದಂದಿನಿಂದ ಹೀಗೆ ಮುಚ್ಚಿಕೊಂಡ ಬಾಯಿಗಳಿಗೆ ಲೆಕ್ಕವಿಲ್ಲ. ಆ ದಿನವೇ ಕುಕ್ಕರಿನ ಎದುರು ಪ್ರತಿಜ್ಞೆಯಾದದ್ದು.

ಪಾಂಪ್ಲೆಟ್ ಹಂಚುವುದೆಂದು ತೀರ್ಮಾನವಾಯಿತು, ಗಂಡನಿಗೂ ಹೇಳದೆ. ಮೇಡಂ ಎರಡು ದಿನ ಕೂತು ತಮ್ಮೆದೆಯನ್ನೇ ಬಸಿದು ನಾಲ್ಕು ಸಾಲು ಬರೆದರು. ಪ್ರಿಂಟಿಂಗ್ ಅಂಗಡಿಯಲ್ಲಿ ಗಿರಾಕಿಗಳು ಗಿಜಿಗುಡುತ್ತಿದ್ದರು.

"ಫೋನ್ ನಂಬರ್ ಹೇಳಿ ಮೇಡಂ!" ಅಂಗಡಿಯವನು ಕೂಗಿದ. "ಜೋರಾಗಿ ಹೇಳಿ, ಮಿಷನ್ ಸದ್ದು!"

ಇಷ್ಟು ಜನರ ಮುಂದೆ ಫೋನ್ ನಂಬರನ್ನು ಜೋರಾಗಿ ಹೇಳುವುದೇ? ಅದರ ಬದಲು ಬಾವಿಗೆ ಹಾರಬಹುದು! "ನಂಬರ್ ಬೇಡ, ಇರ್ಲಿ," ಎಂದರು ಮೇಡಂ.

"ಹೆಸರು?"

"ಬೇಡ."

"ಅಡ್ರೆಸ್ಸು?"

"ಅದೂ... ಬೇಡ. ಎಲ್ಲ ಕೈಯಲ್ಲಿ ಬರ್ಕೋತೀನಿ."

"ಒಳ್ಳೇ ಗುಪ್ತದಾನ ಆಯ್ತಲ್ಲ ಮೇಡಂ ಇದು!" ಎಂದ ಅವನು. ಗಿರಾಕಿಗಳೆಲ್ಲ ನಕ್ಕರು. ಮೇಡಂ ಕಟ್ಟು ಎತ್ತಿಕೊಂಡು ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಓಡಿಬಂದರು.

ಮನೆಗೆ ಬಂದು ಪೆನ್ನು ಹಿಡಿದು ಮೊದಲ ಹಾಳೆಯಲ್ಲಿ ಫೋನ್ ನಂಬರ್ ಬರೆಯತೊಡಗಿದರು. ಅರ್ಧ ಬರೆದಿದ್ದರೋ ಇಲ್ಲವೋ, ಪಕ್ಕದಲ್ಲಿದ್ದ ಫೋನು ಗಂಟೆ ಹೊಡೆಯಿತು! ಮೇಡಂ ಕುರ್ಚಿಯಿಂದ ಒಂದು ಗೇಣು ಮೇಲಕ್ಕೆ ಹಾರಿದರು. ನೋಡಿದರೆ ಯಾರೋ ಸಾಲ ಬೇಕೇ ಎಂದು ಕೇಳುವವರು. ಪಾಂಪ್ಲೆಟ್ ಹೊರಗೆ ಹೋಗುವ ಮೊದಲೇ ಈ ಗತಿ, ಹೋದ ಮೇಲೆ? ಮೇಡಂ ಪೆನ್ನು ಕೆಳಗಿಟ್ಟರು. ನಿಜವಾಗಿ ಬೇಕಾದವರು ಹೇಗಾದರೂ ಹುಡುಕಿಕೊಂಡು ಬರುತ್ತಾರೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಮಧ್ಯಾಹ್ನದ ಬಿಸಿಲಲ್ಲಿ ದಂಡಯಾತ್ರೆ ಹೊರಟಿತು. ಮುಖಕ್ಕೆ ಮಾಸ್ಕು, ಮೇಲೆ ಛತ್ರಿ. ಛತ್ರಿಯೋ, ಸಂಘದ ವಾರ್ಷಿಕೋತ್ಸವದಲ್ಲಿ ಮನೆಗೊಂದರಂತೆ ಹಂಚಿದ ನೀಲಿ ಛತ್ರಿ. ಮೊದಲ ಮನೆಯ ಬಾಗಿಲ ಮುಂದೆ ಮೇಡಂ ಬಹಳ ಹೊತ್ತು ನಿಂತರು. ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಕೈ ಇನ್ನೇನು ಬೆಲ್ಲಿನ ಮೇಲೆ ಹೋಗಬೇಕು, ಒಳಗೆ ಯಾರೋ ಕೆಮ್ಮಿದರು. ಅಷ್ಟೇ! ಮೇಡಂ ಎರಡು ಮನೆ ದಾಟಿ, ತಿರುವಿನಾಚೆ ಹೋಗಿ ನಿಂತು ಏದುಸಿರು ಬಿಟ್ಟರು.

ನಿಂತಲ್ಲೇ ತಲೆಯೆತ್ತಿ ನೋಡಿದರೆ, ಎದುರಿನ ಮನೆಯ ಬಾಗಿಲಿಗೆ ದಪ್ಪನೆಯ ಬೀಗ!

ಆಹಾ! ಬೀಗ! ಕೆಮ್ಮುವವರಿಲ್ಲ, "ಯಾರದು?" ಎನ್ನುವವರಿಲ್ಲ. ಮೇಡಂ ನೆಮ್ಮದಿಯಿಂದ ಹೋಗಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಬೀಗದ ಕೊಂಡಿಗೆ ಸಿಕ್ಕಿಸಿದರು. ಸಿಕ್ಕಿಸಿದ ಮೇಲೆ ಬುದ್ಧಿಯೂ ಓಡಿತು: ಮನೆಯವರು ಬಂದಾಗ ಮೊದಲು ಕೈಗೆ ಸಿಗುವುದೇ ಇದು! ಓದದೆ ಬೀಗ ತೆಗೆಯುವ ಹಾಗೇ ಇಲ್ಲ! ಇಂಥ ಪ್ರಚಾರತಂತ್ರ ಯಾವ ಜಾಹೀರಾತು ಕಂಪನಿಗೆ ಹೊಳೆದಿದೆ?

ಅಂದಿನಿಂದ ಬೀಗ ಕಂಡರೆ ನೆಂಟರು ಕಂಡಷ್ಟು ಸಂತೋಷ. ಬೀಗ ಹೊರಗೆ ಕಾಣದ ಬಾಗಿಲಾದರೆ ತುದಿಗಾಲಲ್ಲಿ ಹೋಗಿ, ಕಿವಿಯಾನಿಸಿ, ಒಳಗೆ ಫ್ಯಾನಿನ ಸದ್ದಿಲ್ಲ, ಟಿವಿ ಇಲ್ಲ ಎಂದು ಖಚಿತ ಮಾಡಿಕೊಂಡು ಹಾಳೆ ತೂರಿಸುತ್ತಿದ್ದರು. ವಾರ ಮುಗಿಯುವಷ್ಟರಲ್ಲಿ ಯಾವ ಮನೆಯವರು ಎಷ್ಟು ಹೊತ್ತಿಗೆ ಹೊರಡುತ್ತಾರೆ, ಯಾರು ಊರಿಗೆ ಹೋಗಿದ್ದಾರೆ ಎಲ್ಲ ಮೇಡಂಗೆ ಬಾಯಿಪಾಠ. ಕಟ್ಟು ಖಾಲಿಯಾಯಿತು. ಮೇಡಂ ಮನೆಗೆ ಬಂದು ಆ ಕಡೆಯ ಕುರ್ಚಿಯನ್ನು ಒರೆಸಿ, ಈ ಕಡೆಯ ಕುರ್ಚಿಯಲ್ಲಿ ಕೂತು ಕಾದರು. ಬರುವವರು ಹುಡುಗನೋ, ಹೆಂಗಸೋ? ಕಣ್ಣೆತ್ತಿ ನೋಡುತ್ತಾರೋ, ನೆಲ ನೋಡುತ್ತಾರೋ? ಹೇಗೇ ಬರಲಿ, ಬಂದರೆ ಸಾಕು ಎನಿಸುತ್ತಿತ್ತು.

ಬಂದದ್ದು ಗಂಡ, ಊಟದ ಹೊತ್ತಿಗೆ, ಬಿರುಗಾಳಿಯಂತೆ!

"ಕೇಳಿದ್ಯೇನೇ! ಬಡಾವಣೆಗೆ ಕಳ್ಳರ ಗ್ಯಾಂಗ್ ನುಗ್ಗಿದೆ! ಬೀಗ ಹಾಕಿರೋ ಮನೆಗಳನ್ನೇ ಆರಿಸಿ ಆರಿಸಿ ಗುರುತು ಮಾಡಿದಾರೆ! ಬರೀ ಗುರುತಲ್ಲ, ಬೆದರಿಕೆ ಪತ್ರ!" ಎಂದು ಮೇಜಿನ ಮೇಲೆ ಒಂದು ಹಾಳೆ ಬಡಿದರು. "ಕೇಳು! 'ನಿಮ್ಮ ಬಾಯಿ ಕಟ್ಟಿದೆ ಎಂದು ನನಗೆ ಗೊತ್ತು. ಬಹಳ ದಿನಗಳಿಂದ ನಿಮ್ಮನ್ನು ಗಮನಿಸುತ್ತಿದ್ದೇನೆ. ನಾನು ದೂರದಲ್ಲಿಲ್ಲ, ನಿಮ್ಮ ಹತ್ತಿರದಲ್ಲೇ ಇದ್ದೇನೆ. ಭಯ ಬೇಡ.' ಅಬ್ಬಬ್ಬಾ! ಆ ಕೊನೇ ಸಾಲು ನೋಡು! ಹಲ್ಲಿನ ಡಾಕ್ಟ್ರು ಹೆಂಡ್ತಿ ಮಕ್ಕಳನ್ನ ಮಾವನ ಮನೆಗೆ ಕಳ್ಸಿಬಿಟ್ಟಿದಾರೆ!"

ಊಟಕ್ಕೆ ಕೂತಿದ್ದ ಮೇಡಂ ತುತ್ತನ್ನು ತಟ್ಟೆಗೆ ಇಳಿಸಿದರು. "ರೀ... ಒಂದು ವಿಷ್ಯ..."

"ಇದಕ್ಕಿಂತ ವಿಷ್ಯ ಬೇಕಾ?"

"ಅಲ್ರೀ, ಆ ಕಾಗದ..."

"ಪೊಲೀಸರಿಗೆ ಕೊಡ್ಬೇಕು ಅಂತೀಯಾ? ಭೇಷ್! ಆದ್ರೆ ಮೊದಲು ಸಭೆ!"

"ನಾನು..."

"ನೀನು ಹೆದರ್ಬೇಡ! ನಾನಿಲ್ವಾ?" ಎಂದವರೇ ಮೈಕಿನ ಬ್ಯಾಟರಿ ಚಾರ್ಜಿಗೆ ಹಾಕಲು ಓಡಿದರು. ಮೇಡಂ ಬಾಯಲ್ಲಿ ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಒಂದೇ ಒಂದು ಸಲ, ಇವರು ನನ್ನ ಮಾತು ಮುಗಿಯುವ ತನಕ ಕಾಯಬಾರದೇ ಎಂದುಕೊಂಡರು.

ಭಾನುವಾರ ಬೆಳಿಗ್ಗೆ ಸಂಘದ ಹಾಲ್ ತುಂಬಿ ತುಳುಕಿತು. ನೀರಿನ ಟ್ಯಾಂಕಿನ ಸಭೆಗೆ ಬಾರದವರೆಲ್ಲ ಕಳ್ಳರ ಸಭೆಗೆ ಬಂದಿದ್ದರು. ಮೇಡಂ ಕೊನೆಯ ಸಾಲಿನ ಮೂಲೆಯಲ್ಲಿ, ಕಂಬದ ಹಿಂದೆ ಕೂತರು. ಗೋಡೆಯ ಮೇಲೆ ಯಾರದೋ ಮನೆಯ ಕ್ಯಾಮೆರಾ ಸೆರೆಹಿಡಿದ ದೃಶ್ಯ ಮೂಡಿತು. ನೀಲಿ ಛತ್ರಿಯೊಂದು ತುದಿಗಾಲಲ್ಲಿ ಬಂತು. ಬಾಗಿಲಿಗೆ ಕಿವಿಯಾನಿಸಿತು. ಅತ್ತ ಇತ್ತ ನೋಡಿ ಕಾಗದ ತೂರಿಸಿ ಓಟ ಕಿತ್ತಿತು.

"ನಡಿಗೆ ನೋಡಿ ಸ್ವಾಮಿ, ಪಳಗಿದ ಕೈ!" ಎಂದರು ನಿವೃತ್ತ ಹೆಡ್ಮಾಸ್ಟರು.

"ಮುಖದಲ್ಲಿ ಎಂಥಾ ಕ್ರೌರ್ಯ!" ಎಂದರು ಕಾರ್ಯದರ್ಶಿಗಳು ಮೈಕಿನಲ್ಲಿ. ಮುಖವೇನೂ ಕಾಣುತ್ತಿರಲಿಲ್ಲ. ಒಂದೇ ಮನೆಯಲ್ಲಿ ಅಷ್ಟು ವರ್ಷ ನೋಡಿದ ನಡಿಗೆಯೂ ಆ ಮಹಾನುಭಾವರಿಗೆ ಗುರುತು ಸಿಗಲಿಲ್ಲ. ಮೇಡಂಗೆ ಸಿಕ್ಕಿಬೀಳುವ ಹೆದರಿಕೆಯ ನಡುವೆಯೂ ಇದು ಚುಚ್ಚಿತು ನೋಡಿ! ಬಚಾವಾದೆ ಎಂದು ಸಂತೋಷಪಡುವುದೋ, ಗಂಡನಿಗೆ ನನ್ನ ಗುರುತೇ ಇಲ್ಲವಲ್ಲ ಎಂದು ಅಳುವುದೋ ತಿಳಿಯದೆ ಕಂಬವನ್ನು ಅಪ್ಪಿಕೊಂಡರು.

"ಒಂದ್ನಿಮಿಷ!" ಬ್ಯೂಟಿ ಪಾರ್ಲರಿನಾಕೆ ಎದ್ದು ನಿಂತಳು. "ಆ ಛತ್ರಿ ನಮ್ಮ ಸಂಘದ್ದು ಕಣ್ರೀ! ಹೊರಗಿನವ್ರಲ್ಲ, ಒಳಗಿನವ್ರೇ!"

ಹಾಲಿನಲ್ಲಿ ಗುಜುಗುಜು ಎದ್ದಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಎಲ್ಲರೂ ತಂತಮ್ಮ ಛತ್ರಿ ನೆನಪಿಸಿಕೊಂಡರು. ಆಮೇಲೆ ಎಲ್ಲರ ಕಣ್ಣೂ ಒಬ್ಬನ ಮೇಲೆ ಹೋಯಿತು. ಬಾಗಿಲ ಹತ್ತಿರ ಗೇಟಿನ ವಾಚ್‌ಮನ್ ನಿಂತಿದ್ದ. ಅವನಿಗೂ ಒಂದು ನೀಲಿ ಛತ್ರಿ ಸಿಕ್ಕಿತ್ತು.

"ಯಾವ ಮನೆಗೆ ಯಾವಾಗ ಬೀಗ ಬೀಳುತ್ತೆ ಅಂತ ಗೊತ್ತಿರೋದು ನಿನಗೊಬ್ಬನಿಗೇ ತಾನೇ?" ಎಂದರು ಹಲ್ಲಿನ ಡಾಕ್ಟರು. "ಯಾರಿಗೆ ಸುದ್ದಿ ಕೊಡ್ತಿದ್ದೀಯಾ?"

ಕಾರ್ಯದರ್ಶಿಗಳು ಮೈಕನ್ನು ಅವನ ಬಾಯಿಗೆ ಹಿಡಿದರು. "ಹೇಳಯ್ಯಾ! ತಪ್ಪು ಮಾಡಿಲ್ದಿದ್ರೆ ಯಾಕೆ ಸುಮ್ನಿದೀಯಾ? ಮಾತಾಡು!"

ವಾಚ್‌ಮನ್ ಮೊದಲೇ ಮಿತಭಾಷಿ. ಅವನ ತುಟಿ ಅದುರಿತು, ಮಾತು ಬರಲಿಲ್ಲ. ಮೈಕಿನಲ್ಲಿ ಉಸಿರಾಟ ಮಾತ್ರ ಕೇಳಿಸಿತು. "ನೋಡಿ, ಬಾಯಿ ಬಿಡ್ತಿಲ್ಲ!" ಎಂದು ಜನ ಕೂಗಿದರು. ಕೆಲಸದಿಂದ ತೆಗೆಯಿರಿ ಎಂದು ಒಬ್ಬರು, ಪೊಲೀಸರಿಗೆ ಕೊಡಿ ಎಂದು ಇನ್ನೊಬ್ಬರು.

ಮೇಡಂ ಆ ಮುಖ ನೋಡಿದರು. ಆಫೀಸಿನ ಪುಟ್ಟ ಕೋಣೆಯಲ್ಲಿ ದಿನಾ ಕಾಣುತ್ತಿದ್ದ ಮುಖ. ಕಾಲು ತಾನಾಗಿ ಎದ್ದಿತು. ತಪ್ಪು ಒಪ್ಪಿಕೊಳ್ಳಲೇಬೇಕೆಂದು ಮುಂದೆ ಹೋದರು. "ಅದು..." ಎಂದು ಶುರು ಮಾಡುವಷ್ಟರಲ್ಲಿ ಹಾಲಿನ ಕಣ್ಣುಗಳೆಲ್ಲ ಇವರತ್ತ ತಿರುಗಿದವು. ಮುಗಿಯಿತು! ನಾಲಗೆ ಅಂಗುಳಕ್ಕೆ ಅಂಟಿಕೊಂಡಿತು. ಈಗ ಅಲ್ಲಿ ಮಾತು ಬಾರದವರು ಇಬ್ಬರಾದರು.

ಮಾತು ಬರಲಿಲ್ಲ, ಆದರೆ ಗೊತ್ತಿದ್ದ ಕೆಲಸ ಕೈಗೆ ಬಂತು. ಮೇಡಂ ಗಂಡನ ಮೈಕನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ವಾಚ್‌ಮನ್‌ಗೆ ಒಂದು ಲೋಟ ನೀರು ಕೊಟ್ಟು, ಅವನಿಗಷ್ಟೇ ಕೇಳುವಂತೆ, "ತಿಂಡಿ ಆಯ್ತಾ?" ಎಂದರು.

ಅವನು ತಲೆಯಾಡಿಸಿದ.

"ಮಧ್ಯಾಹ್ನ ಎಲ್ಲಿ ಕೂರ್ತೀರಿ? ನೆರಳಿದೆಯಾ?"

ಆಮೇಲೆ ಮೇಡಂ ಏನೂ ಕೇಳಲಿಲ್ಲ. ಪಕ್ಕದಲ್ಲಿ ನಿಂತರು ಅಷ್ಟೇ. ಹಾಲ್ ಕೂಡ ಏನೋ ನಡೆಯುತ್ತಿದೆ ಎಂದು ಬಾಯಿ ಮುಚ್ಚಿತು. ವಾಚ್‌ಮನ್ ನೀರು ಕುಡಿದ. ಉಸಿರು ಹಗುರಾಯಿತು. ಗಂಟಲು ಸರಿಮಾಡಿಕೊಂಡ. ಬರುತ್ತಿದೆ! ಮೊದಲ ಮಾತು ಬರುತ್ತಿದೆ! ಎಷ್ಟು ದಿನಗಳಾದವು ಇದನ್ನು ಕೇಳಿ! ಮೇಡಂ ಕಣ್ಣು ತುಂಬಿಬಂತು.

"ಗೇಟಿನ ಹತ್ರನೇ ಕೂರ್ತೀನಿ ಅಮ್ಮಾ," ಎಂದ ಅವನು, ಸ್ಪಷ್ಟವಾಗಿ, ಇಡೀ ಹಾಲಿಗೆ ಕೇಳುವಂತೆ. "ಅಲ್ಲಿಂದ ಎಲ್ಲಾ ಕಾಣುತ್ತೆ. ಛತ್ರಿ ಹಿಡ್ಕೊಂಡು ಮನೆಮನೆಗೆ ಕಾಗದ ಸಿಕ್ಕಿಸ್ತಿದ್ದೋರು ನೀವೇ ಅಲ್ವಾ? ಕಾರ್ಯದರ್ಶಿಗಳ ಮನೆಯವರು ಅಂತ ಹೇಳೋಕೆ ಬಾಯಿ ಬರ್ಲಿಲ್ಲ. ನೀವು ಇಷ್ಟು ಪ್ರೀತಿಯಿಂದ ಕೇಳಿದ್ರಲ್ಲ, ಅದಕ್ಕೇ ಹೇಳ್ಬಿಟ್ಟೆ."

ಮೇಡಂ ವೃತ್ತಿಜೀವನದ ಅತಿ ದೊಡ್ಡ ಯಶಸ್ಸು ಅದು!

"ಕೋ... ಕೋಚಿಂಗು, ಮಾತು ಬಾರದೋರಿಗೆ," ಎಂದು ಮೇಡಂ ತೊದಲಿದರು. ಮೊದಲು ಹಲ್ಲಿನ ಡಾಕ್ಟರು ಹಾಳೆಯನ್ನು ಇನ್ನೊಮ್ಮೆ ಓದಿಕೊಂಡರು. "ಭಯ ಬೇಡ... ಓಹೋ, ಇದು ಕೋಚಿಂಗಾ?" ಎಂದರು. ಪಾರ್ಲರಿನಾಕೆ ಕಿಸಕ್ಕೆಂದಳು. ಆಮೇಲೆ ಹಾಲೇ ಹಾರಿಹೋಗುವ ಹಾಗೆ ನಗು. ವಾಚ್‌ಮನ್ ಕೂಡ ನಕ್ಕ. ಡಾಕ್ಟರು ಹೋಗಿ ಅವನ ಕೈಹಿಡಿದು ಕ್ಷಮೆ ಕೇಳಿದರು. ನಗದೇ ಇದ್ದವರು ಒಬ್ಬರೇ: ಕಾರ್ಯದರ್ಶಿಗಳು. ಇಂಗು ತಿಂದ ಮಂಗನಂತೆ ಮೈಕ್ ಹಿಡಿದು ನಿಂತಿದ್ದರು. ಮೈಕಿಗೆ ಬ್ಯಾಟರಿ ಪೂರ್ತಿ ಇತ್ತು. ಹೇಳಲು ಒಂದಕ್ಷರ ಇರಲಿಲ್ಲ.

ಮರುದಿನ ಸಂಜೆ ಬಾಗಿಲ ಬೆಲ್ ಹೊಡೆಯಿತು. ಮೇಡಂ ಅಭ್ಯಾಸಬಲದಿಂದ ಪರದೆಯ ಹಿಂದೆ ಸರಿದರು. ಬೆಲ್ ಮತ್ತೆ ಹೊಡೆಯಿತು. ಉಸಿರು ಬಿಗಿಹಿಡಿದು ಹೋಗಿ ತೆರೆದರೆ, ಹೆಡ್ಮಾಸ್ಟರು, ಡಾಕ್ಟರು, ಪಾರ್ಲರಿನಾಕೆ, ಅವರ ಹಿಂದೆ ಇನ್ನೂ ನಾಲ್ಕಾರು ಮಂದಿ!

"ನಿನ್ನೆ ಕಣ್ಣಾರೆ ನೋಡಿದ್ವಮ್ಮ," ಎಂದರು ಹೆಡ್ಮಾಸ್ಟರು. "ನಾವೆಲ್ಲ ಗದರಿಸಿದ್ರೂ ಆಗದ್ದು ನಿನ್ನ ಒಂದು ಲೋಟ ನೀರಿಂದ ಆಯ್ತು. ದೊಡ್ಡ ವಿದ್ಯೆ ಇದು. ನಿನ್ನ ಹತ್ರ ಒಬ್ಬ ವಿದ್ಯಾರ್ಥಿನ ಸೇರಿಸ್ಬೇಕು. ಫೀಸು ಬಡಾವಣೆಯಿಂದ."

ಮೇಡಂ ಆ ಕಡೆಯ ಕುರ್ಚಿಯತ್ತ ಒಮ್ಮೆ ತಿರುಗಿ ನೋಡಿದರು. ಕೊನೆಗೂ! "ಯಾ... ಯಾರು?"

ಗುಂಪು ಎರಡಾಗಿ ಸರಿಯಿತು. ನಡುವೆ ಕಾರ್ಯದರ್ಶಿಗಳು, ಕೈಯಲ್ಲಿ ಮೈಕಿಲ್ಲದೆ, ಮೊದಲ ದಿನ ಶಾಲೆಗೆ ತಂದುಬಿಟ್ಟವರಂತೆ ನಿಂತಿದ್ದರು.

"ಬಾಯಿ ಬಿಡಿಸೋದು ಬೇಡಮ್ಮ," ಎಂದರು ಹೆಡ್ಮಾಸ್ಟರು ಕೈಮುಗಿದು. "ಮುಚ್ಚೋದು ಹೇಳಿಕೊಡು. ನಮ್ಮೆಲ್ಲರ ಪ್ರಾರ್ಥನೆ."

ಹಾಗೆ ಆ ಕಡೆಯ ಕುರ್ಚಿಯಲ್ಲಿ ಕೊನೆಗೂ ಒಬ್ಬರು ಕೂತರು. ಮೇಡಂ ಬಾಗಿಲು ಹಾಕಿಕೊಂಡು ಬಂದು, ಇದ್ದಬದ್ದ ಗಾಂಭೀರ್ಯವನ್ನೆಲ್ಲ ಒಟ್ಟುಗೂಡಿಸಿ ಹೇಳಿದರು: "ಮೊದಲ ಪಾಠ. ಎದುರಿಗಿರೋರು ಮಾತು ಮುಗಿಸೋ ತನಕ ತುಟಿ ಬಿಚ್ಚಬಾರದು."

"ಆಯ್ತು," ಎಂದು ಗಂಡ ತುಟಿ ಬಿಗಿದರು.

ಈಗ ಬಿಡುತ್ತಾರೆ, ಇನ್ನೇನು ಬಾಯಿ ಬಿಡುತ್ತಾರೆ ಎಂದು ಮೇಡಂ ಕಾದರು. ಬಿಡಲಿಲ್ಲ. ಹೆಂಡತಿಯ ಮುಖವನ್ನೇ ನೋಡುತ್ತಾ ಕೂತಿದ್ದರು. ಹೀಗೆ ಎದುರುಬದುರು ಕೂತು ಸುಮ್ಮನೆ ನೋಡಿದ್ದು ಯಾವ ಕಾಲದಲ್ಲಿ? ಬಹುಶಃ ಮದುವೆಗೆ ಮುಂಚೆ ನೋಡಲು ಬಂದಾಗ. ಆಗಲೂ ಅವರೇ ಮಾತಾಡಿದ್ದರು.

"ನಾನು..." ಎಂದರು ಮೇಡಂ. ಅಭ್ಯಾಸದಂತೆ ಅಲ್ಲೇ ನಿಲ್ಲಿಸಿದರು. ಯಾರೂ ಅಡ್ಡ ಬಾಯಿ ಹಾಕಲಿಲ್ಲ. "ನಾನು ಅವತ್ತು ಊಟಕ್ಕೆ ಕೂತಾಗ್ಲೇ ಹೇಳೋಕೆ ಬಂದೆ. ಮೂರು ಸಲ ಬಂದೆ."

ಗಂಡ ತಲೆಯಾಡಿಸಿದರು.

"ಕ್ಯಾಮೆರಾದಲ್ಲಿ ನನ್ನ ನಡಿಗೆ ನಿಮಗೆ ಗೊತ್ತಾಗ್ಲಿಲ್ಲ."

ಗಂಡ ತಲೆ ತಗ್ಗಿಸಿದರು. ಕಟ್ಟೆ ಒಡೆಯಿತು ನೋಡಿ! ಪ್ರಿಂಟಿಂಗ್ ಅಂಗಡಿ, ಕೆಮ್ಮಿದ ಮನೆ, ಬೀಗಗಳು, ಶೂ ಲೇಸು ಕಟ್ಟಿಕೊಂಡು ಹೋದವರು, ನಡುಗುತ್ತಾ ಬಂದು ನಗುತ್ತಾ ಒಳಗೆ ಹೋಗುತ್ತಿದ್ದ ಎಷ್ಟೋ ಮುಖಗಳು, ಎಲ್ಲ ಬಂದವು. "ಆಫೀಸಲ್ಲಿ ಬೀಳ್ಕೊಡುಗೆ ದಿನ ನಾನೂ ಎರಡು ಮಾತು ಬರ್ಕೊಂಡು ಹೋಗಿದ್ದೆ ಕಣ್ರೀ. ಕನ್ನಡಿ ಮುಂದೆ ನಿಂತು ಕಲ್ತಿದ್ದೆ. ಮೈಕ್ ನೀವು ತಗೊಂಡ್ರಿ. ಚೆನ್ನಾಗೇ ಮಾತಾಡಿದ್ರಿ. ಆದ್ರೆ ಅದು ನನ್ನ ದಿನ ಆಗಿತ್ತು." ಹೊರಗೆ ಬೀದಿದೀಪ ಹತ್ತಿತು. ಚಹಾದ ಹೊತ್ತು ಮೀರಿತು. ಇಷ್ಟು ದಿನ ನಾನು ಕಾದದ್ದು ಇನ್ನೊಬ್ಬರ ಮಾತು ಕೇಳುವುದಕ್ಕಲ್ಲ, ಹೀಗೆ ಕೇಳಿಸಿಕೊಳ್ಳುವ ಒಬ್ಬರಿಗಾಗಿ ಎಂದು ಮಾತಿನ ಮಧ್ಯೆಯೇ ಮೇಡಂಗೆ ಹೊಳೆಯಿತು. ಹೊಳೆದರೂ ಮಾತು ನಿಲ್ಲಲಿಲ್ಲ. ಗಂಟಲು ಒಣಗಿದ ಮೇಲೆ ತಾನಾಗಿ ನಿಂತಿತು.

ಆಗ ಮೇಡಂಗೆ ಎಚ್ಚರವಾಯಿತು. "ಅಯ್ಯೋ! ಕ್ಲಾಸೆಲ್ಲ ನಾನೇ ಮಾತಾಡ್ಬಿಟ್ಟೆ! ನಿಮಗೆ ಪಾಠನೇ ಆಗ್ಲಿಲ್ಲ!"

ಗಂಡ ವಿದ್ಯಾರ್ಥಿಯಂತೆ ಕೈಯೆತ್ತಿ ಅಪ್ಪಣೆ ಕೇಳಿದರು. ಮೇಡಂ ಹೂಂ ಎಂದರು.

"ಒಂದು ಡೌಟು ಮೇಡಂ," ಎಂದರು ಮೆಲ್ಲಗೆ, ಕಣ್ಣೊರೆಸಿಕೊಳ್ಳುತ್ತಾ. "ಮಾತು ಸಿಕ್ಕಿಹಾಕ್ಕೊಂಡೋರನ್ನ ಎದುರಿಗೆ ಕೂರಿಸ್ಕೊಂಡು ಬಾಯಿ ಬಿಡಿಸೋರು ಕೋಚು ತಾನೇ? ಹಾಗಾದ್ರೆ ಇವತ್ತಿನ ಫೀಸು ನಾನು ನಿನಗೆ ಕೊಡ್ಬೇಕೋ, ನೀನು ನನಗೆ ಕೊಡ್ಬೇಕೋ?"